ತೂಕದ ದಿನ ನಾನು ಹೇಳಿದ ಪಗಾರ

ಹುಬ್ಬಳ್ಳಿ,
ಕ್ರಿ.ಶ. 2187, ಏಳನೇ ತಿಂಗಳ ಮೂವತ್ತೈದನೇ ದಿನ

ವ್ಯವಹಾರ ಅರ್ಥಶಾಸ್ತ್ರದ ಪದವಿಗೆಂದು ಸಾಲದ ಅರ್ಜಿಯನ್ನು ಎದುರಿಗಿಟ್ಟುಕೊಂಡು ಕುಳಿತಿರುವ ನಿಮಗೆ,

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮ ವರ್ಷಕ್ಕೆ ಹತ್ತೇ ತಿಂಗಳು, ತಿಂಗಳಿಗೆ ಮೂವತ್ತಾರು ದಿನ. ಮಿಕ್ಕ ಐದಾರು ದಿನ ಯಾವ ತಿಂಗಳಿಗೂ ಸೇರದೆ ಬಿಡುವಿನ ದಿನಗಳಾಗಿ ಉಳಿಯುತ್ತವೆ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪುಸ್ತಕಗಳಿಂದ ಕಲಿತವಳು; ಎಲ್ಲಾದರೂ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಮ್ಮಲ್ಲಿ ಹಿಂದಂಚೆ ಎಂಬ ಏರ್ಪಾಡಿದೆ. ಆಯುಷ್ಯದಲ್ಲಿ ಒಂದೇ ಒಂದು ಕಾಗದವನ್ನು ಹಿಂದಿನ ಕಾಲದವರಿಗೆ ಕಳಿಸಬಹುದು. ಬಹಳ ಮಂದಿ ಅದನ್ನು ಮುತ್ತಜ್ಜಿಯ ಅಜ್ಜಿಗೆ ಕುಶಲ ಕೇಳಿ ಮುಗಿಸಿಬಿಡುತ್ತಾರೆ. ನನ್ನ ಅಜ್ಜಿಯಂದಿರು ಹೇಗಿದ್ದರೋ ಹಾಗೆ ಇದ್ದಾರು ಬಿಡಿ. ನನಗೆ ಬೇಕಾದವರು ನೀವು.

ನನ್ನ ಹೆಸರು ನೀಲಲೋಚನಾ ಹೆಬಸೂರ. ವಯಸ್ಸು ಐವತ್ತೆರಡು. ನೀವು ಓದಬೇಕೆಂದಿರುವುದನ್ನೇ ನಾನೂ ಸಾಲ ಮಾಡಿ ಓದಿದೆ. ಸಿಡುಕಿ ಎಂದು ಓಣಿಯಲ್ಲೆಲ್ಲ ಹೆಸರು ಮಾಡಿದ್ದೇನೆ, ಆದರೆ ಈ ಕಾಗದದಲ್ಲಿ ನಾನು ಸಿಡುಕಬೇಕಾದದ್ದು ನನ್ನ ಮೇಲೆಯೇ.

ಮೊದಲು ನಮ್ಮ ಹಣದ ವಿಷಯ ತಿಳಿಸಬೇಕು. ನಾವು ಹೊನ್ನಿನಲ್ಲಿ ಎಣಿಸುತ್ತೇವೆ. ಖಾನಾವಳಿಯಲ್ಲಿ ಒಬ್ಬರು ಒಂದು ದಿನ ಎರಡು ಹೊತ್ತು ರೊಟ್ಟಿ, ಪಲ್ಯ, ಅನ್ನ, ಸಾರು ಉಂಡರೆ ಒಂದು ಹೊನ್ನು. ಜೋಳದ ಬೆಲೆ ಏರಿದರೂ ಇಳಿದರೂ ಹೊನ್ನು ಅಂದರೆ ಒಂದು ದಿನದ ಊಟ. ಹೀಗಾಗಿ ಯಾರ ಸಂಬಳ ಕೇಳಿದರೂ ಅವರು ಎಷ್ಟು ದಿನ ಉಣ್ಣಬಲ್ಲರು ಎಂಬುದು ತಟ್ಟನೆ ತಿಳಿಯುತ್ತದೆ.

ಇನ್ನು ತೂಕದ ದಿನ. ಪದವಿಗೆ ಸಾಲ ಬೇಡುವ ಪ್ರತಿಯೊಬ್ಬರೂ ರುಜು ಹಾಕುವ ಮೊದಲು ಓಣಿಯ ಸಭಾಮನೆಯಲ್ಲಿ ಕೂರಬೇಕು. ಕಾಲೇಜಿನವರು ಹೇಳುವ ಸರಾಸರಿ ಸಂಬಳವನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಅಪ್ಪನ ಕಾರ್ಖಾನೆಗೇ ಯಜಮಾನರಾಗಿ ಹೋದ ಇಬ್ಬರು ಮಕ್ಕಳ ಗಳಿಕೆ ಸೇರಿಕೊಂಡರೆ ಸರಾಸರಿ ಎಲ್ಲಿಗೆ ಹಾರುತ್ತದೆ ಎಂದು ನಮ್ಮ ಹಿರಿಯರು ಪೆಟ್ಟು ತಿಂದು ಕಲಿತಿದ್ದರು. ಅದರ ಬದಲು ಅದೇ ಪದವಿ ಮುಗಿಸಿ ಕನಿಷ್ಠ ಹತ್ತು ವರ್ಷ ದುಡಿದ ಒಬ್ಬರನ್ನು ಕರೆಸುತ್ತಾರೆ. ಅವರಿಗೆ ಸಂಬಳಸಾಕ್ಷಿ ಎಂದು ಹೆಸರು. ಅವರು ಎದ್ದು ನಿಂತು ತಮ್ಮ ಸಂಬಳವನ್ನು ಎಲ್ಲರೆದುರು ಹೇಳಬೇಕು. ಅದರಿಂದ ಸಾಲದ ಕಂತು ಕಳೆದು ಉಳಿದದ್ದನ್ನು ಹಲಗೆಯ ಮೇಲೆ ಬರೆಯುತ್ತಾರೆ. ಸಾಕ್ಷಿಯ ಬಾಯಿಮಾತೇ ಕೊನೆ. ಸಂಬಳದ ಚೀಟಿ ತೋರಿಸಿ ಎಂದು ಕೇಳುವುದು ಅವರ ಮನೆತನಕ್ಕೇ ಅವಮಾನವೆಂದು ನಾವು ತಿಳಿಯುತ್ತೇವೆ. ನೂರಾರು ವರ್ಷದ ಬುದ್ಧಿ ಖರ್ಚು ಮಾಡಿ ಕಟ್ಟಿದ ಪದ್ಧತಿಯಲ್ಲಿ ಇಷ್ಟು ದೊಡ್ಡ ಕಂಡಿ ಬಿಟ್ಟವರು ನಾವು.

ನನ್ನ ಮೂವತ್ತೆರಡನೇ ವಯಸ್ಸಿನಲ್ಲಿ ನನ್ನನ್ನು ಸಾಕ್ಷಿಗೆ ಕರೆದರು. ನಮ್ಮ ಓಣಿಯ ದಾನೇಶ್ವರಿ, ಹದಿನೆಂಟರ ಹುಡುಗಿ, ವ್ಯವಹಾರ ಅರ್ಥಶಾಸ್ತ್ರಕ್ಕೆ ಅರ್ಜಿ ಹಾಕಿದ್ದಳು. ಅವಳಿಗೆ ನೀರಿನ ಮೀಟರ್ ರಿಪೇರಿ ಮಾಡುವ ಕಾರ್ಯಾಗಾರದಲ್ಲಿ ಕೆಲಸವೂ ಸಿಕ್ಕಿತ್ತು: ತಿಂಗಳಿಗೆ ತೊಂಬತ್ತೈದು ಹೊನ್ನು, ಸಾಲವಿಲ್ಲ. ಪದವಿಯ ಸಾಲಕ್ಕೆ, ಮೂರು ವರ್ಷದ ಓದು ಮುಗಿದ ಮೇಲೆ ಇಪ್ಪತ್ತು ವರ್ಷ, ತಿಂಗಳಿಗೆ ತೊಂಬತ್ತು ಹೊನ್ನಿನ ಕಂತು. ಎರಡರಲ್ಲಿ ಯಾವುದು ಮೇಲು ಎಂಬುದು ನನ್ನ ಬಾಯಿಂದ ಬರುವ ಒಂದು ಅಂಕಿಯ ಮೇಲೆ ನಿಂತಿತ್ತು. ನನ್ನ ಸಂಬಳ ನೂರಾ ನಲವತ್ತು.

ಆದರೆ ಮುಂದಿನ ಸಾಲಿನಲ್ಲಿ ನನ್ನ ಅವ್ವ ಬಾಳವ್ವ ಕುಳಿತಿದ್ದಳು. ಅವಳಿಗೆ ನಾನು ವರ್ಷಗಟ್ಟಲೆ ಇನ್ನೂರಾ ನಲವತ್ತು ಎಂದು ಹೇಳಿಕೊಂಡು ಬಂದಿದ್ದೆ. ಅವಳು ಅದನ್ನು ಓಣಿಗೆಲ್ಲ ಹೇಳಿ ಮೆರೆದಿದ್ದಾಳೆಂದೂ ನಂಬಿದ್ದೆ. ದಾನೇಶ್ವರಿ ಎದ್ದು, “ಕೈಗೆ ಎಷ್ಟ ಬರ್ತೈತ್ರಿ ಅಕ್ಕಾರ?” ಎಂದು ಕೇಳಿದಳು. ನಾನು ಅವ್ವನ ಮುಖ ನೋಡಿ ಇನ್ನೂರಾ ನಲವತ್ತು ಎಂದೆ. ಹಲಗೆಯ ಮೇಲೆ ನೂರೈವತ್ತು ಉಳಿಯಿತು. ಹುಡುಗಿ ನಗುನಗುತ್ತ ರುಜು ಹಾಕಿದಳು, ಸಭೆಯವರು ಮಂಡಕ್ಕಿ ಹಂಚಿದರು, ನಾನೂ ತಿಂದೆ.

ಓದಿನ ಬಗ್ಗೆ ನನಗೆ ದೂರಿಲ್ಲ. ಅವಳು ಚೆನ್ನಾಗಿ ಓದಿದಳು. ಮೂರನೇ ವರ್ಷ ಅವರಿಗೆ ಒಂದು ಕೆಲಸ ಕೊಡುತ್ತಾರೆ: ಊರಲ್ಲಿ ಅದೇ ಪದವಿ ಮುಗಿಸಿದವರ ಸಂಬಳ ಕೇಳಿ ಬರೆದು, ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ, ನಟ್ಟನಡುವಿನ ಸಂಬಳ ಯಾವುದೆಂದು ನೋಡುವುದು. ಅವಳು ಅರವತ್ತು ಜನರನ್ನು ಕಂಡು ಬಂದಿದ್ದಳು. ನಡುವಿನ ಸಂಬಳ ನೂರಾ ಮೂವತ್ತೆಂಟು. ಹಾಳೆ ಹಿಡಿದು ಅವ್ವನ ಮನೆಗೇ ಬಂದಳು. ನಾನು ಅಲ್ಲಿ ಊಟಕ್ಕೆ ಕುಳಿತಿದ್ದೆ. “ನಿಮ್ದೊಂದ ಉಳಿದೈತ್ರಿ ಅಕ್ಕಾರ. ಎಷ್ಟಂತ ಬರೀಲಿ?” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಬಹುಶಃ ನಿಜ ಹೇಳುತ್ತಿದ್ದೆನೋ ಏನೋ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಮತ್ತೆ ಇನ್ನೂರಾ ನಲವತ್ತು ಎಂದೆ. ಅವಳು ಬರೆದುಕೊಂಡು ಹೋದಳು.

ಈಗ ಅವಳಿಗೆ ಮೂವತ್ತೆಂಟು. ಸಂಬಳ ನೂರಾ ಮೂವತ್ತು, ಕಂತು ಹೋಗಿ ನಲವತ್ತು. ಮೂವತ್ತಾರು ದಿನ ಉಂಡರೆ ಉಳಿಯುವುದು ನಾಲ್ಕು. ಅದರಲ್ಲೇ ಬಾಡಿಗೆ, ಬಟ್ಟೆ, ಔಷಧ ಎಲ್ಲ ಆಗಬೇಕು. ಆಗದ್ದರಿಂದ ಸಂಜೆ ಖಾನಾವಳಿಯ ಲೆಕ್ಕ ಬರೆದುಕೊಟ್ಟು ಅಲ್ಲೇ ಉಣ್ಣುತ್ತಾಳೆ. ಎರಡು ಕಡೆ ಮದುವೆ ಮಾತು ನಡೆದು, ಸಾಲದ ಸುದ್ದಿ ಕೇಳಿ ನಿಂತುಹೋಯಿತು. ಇಷ್ಟು ವರ್ಷ ಅವಳು ಬರುವ ದಾರಿಯಲ್ಲಿ ನಾನು ನಡೆಯಲಿಲ್ಲ.

ನಿನ್ನೆ ನನ್ನ ಮಗಳು ಮಧುಮತಿಯ ತೂಕದ ದಿನ. ಅವಳಿಗೂ ಇದೇ ಪದವಿಯ ಹುಚ್ಚು. ಹೆತ್ತವರು ಸಾಕ್ಷಿಯಾಗುವಂತಿಲ್ಲ. ಸಭೆಯವರು ಕರೆಸಿದ್ದು ದಾನೇಶ್ವರಿಯನ್ನು. ಅವಳು ಇನ್ನೂರಾ ನಲವತ್ತು ಎಂದಿದ್ದರೆ ನಾನು ಏನು ಮಾಡಬಹುದಿತ್ತು? ಚೀಟಿ ಕೇಳುವ ಮುಖ ನನಗೆಲ್ಲಿತ್ತು?

ಅವಳು ಎದ್ದು ನಿಂತಳು. ಸೆರಗಿನಿಂದ ಹಣೆ ಒರೆಸಿಕೊಂಡಳು. “ನೂರಾ ಮೂವತ್ತ ಬರ್ತೈತಿ ತಂಗಿ. ಕಂತ ಕಟ್ಟಿದ ಮ್ಯಾಲೆ ನಲವತ್ತ ಉಳಿತೈತಿ. ಓದ ಚಲೋ ಐತಿ, ನನಗ ಭಾಳ ಸೇರಿತ್ತು. ಆದ್ರ ಇಷ್ಟ ಸಾಲಕ್ಕ ತೂಗಂಗಿಲ್ಲ” ಎಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮಧುಮತಿ ಅರ್ಜಿಯನ್ನು ವಾಪಸು ತೆಗೆದುಕೊಂಡಳು. ಕೆಲಸ ಮಾಡುತ್ತ ಸಂಜೆಯ ತರಗತಿಯಲ್ಲಿ, ಸಾಲವಿಲ್ಲದೆ, ನಿಧಾನವಾಗಿ ಓದುವಳಂತೆ.

ಆಗ ನಾನು ಎದ್ದು ನಿಂತೆ. ಇಪ್ಪತ್ತು ವರ್ಷದ ಹಿಂದೆ ಇದೇ ಜಾಗದಲ್ಲಿ ನಾನು ಸುಳ್ಳು ಹೇಳಿದೆ, ನನಗೆ ಆಗ ಬರುತ್ತಿದ್ದದ್ದು ನೂರಾ ನಲವತ್ತು ಎಂದೆ. ಅವ್ವನ ಎದುರು ಸಣ್ಣವಳಾಗಬಾರದೆಂದು ಹಾಗೆ ಮಾಡಿದೆ ಎಂದೂ ಹೇಳಿದೆ. ಎಪ್ಪತ್ತೈದರ ಅವ್ವ ಈಗಲೂ ಮುಂದಿನ ಸಾಲಿನಲ್ಲೇ ಇದ್ದಳು. ಕೋಲೂರಿ ಕುಳಿತಲ್ಲಿಂದಲೇ, “ನನಗ ಗೊತ್ತಿತ್ತವಾ. ತಿಂಗಳ ಕೊನಿ ಬಂತಂದ್ರ ದಿನಾ ನಮ್ಮ ಮನ್ಯಾಗ ಉಣ್ಣಾಕ ಬರ್ತಿದ್ದಿ. ಓಣ್ಯಾಗ ಎಲ್ಲಾರಿಗೂ ಗೊತ್ತಿತ್ತು. ನಿನ್ನ ಮನಸ್ಸಿಗೆ ನೋವಾಗ್ತೈತಿ ಅಂತ ಯಾರೂ ಅನ್ನಲಿಲ್ಲ” ಎಂದಳು.

ಆ ಸುಳ್ಳನ್ನು ನಂಬಿದವಳು ದಾನೇಶ್ವರಿ ಒಬ್ಬಳೇ.

ನಿಮ್ಮ ಕಾಲದಲ್ಲಿ ತೂಕದ ದಿನವಿಲ್ಲ ಎಂದು ಓದಿದ್ದೇನೆ. ಆದ್ದರಿಂದ ನೀವೇ ಹೋಗಿ ಕೇಳಿ. ಒಬ್ಬರನ್ನಲ್ಲ, ಹತ್ತಾರು ಜನರನ್ನು ಕೇಳಿ. ಚೀಟಿ ನೋಡಬಹುದೇ ಎಂದು ಮರ್ಯಾದೆಯಿಂದಲೇ ಕೇಳಿ, ಬೇಸರಪಟ್ಟುಕೊಂಡರೆ ಪಡಲಿ. ಮುಂದೆ ನೀವು ದುಡಿಯುವಾಗ ಯಾರಾದರೂ ಹುಡುಗಿ ಬಂದು ಕೈಗೆ ಎಷ್ಟು ಬರುತ್ತದೆ ಎಂದು ಕೇಳಿಯಾಳು. ಆಗ ಪಕ್ಕದಲ್ಲಿ ನಿಮ್ಮ ತಾಯಿಯೇ ಕುಳಿತಿರಲಿ, ಬೀಗರೇ ಕುಳಿತಿರಲಿ, ಇದ್ದದ್ದನ್ನು ಇದ್ದಷ್ಟೇ ಹೇಳಿ.

ದಾನೇಶ್ವರಿಗೆ ಇನ್ನೂ ಮೂರು ವರ್ಷದ ಕಂತು ಬಾಕಿಯಿದೆ. ಅದನ್ನು ನಾನು ಕಟ್ಟುತ್ತೇನೆಂದು ಇವತ್ತು ಬೆಳಿಗ್ಗೆ ಅವಳ ಮನೆಗೆ ಹೋಗಿದ್ದೆ. ಕೂರಲು ಚಾಪೆ ಹಾಕಿದಳು, ಚಹಾ ಕೊಟ್ಟಳು. ಹಣ ಮಾತ್ರ ಬೇಡವೆಂದಳು.

ನಿಮ್ಮವಳು,
ನೀಲಲೋಚನಾ