ಕ್ವಾರಿಯಲ್ಲಿ ಕಿರುಚಿದವಳು

ಅಮ್ಮಾ,

ಬಚ್ಚಲಲ್ಲಿರುವ ನನ್ನ ಚೂಡಿದಾರ್ ನೋಡಿ ಗಾಬರಿಯಾಗಬೇಡ. ಅದು ರಕ್ತವಲ್ಲ, ಕುಂಕುಮ ಕಲಸಿದ ನೀರು.

ನಿನ್ನೆ ನಾನೂ ನನ್ನ ಕ್ಲಾಸಿನ ಜಯಕುಮಾರನೂ ಹಳೇ ಕಲ್ಲು ಕ್ವಾರಿಗೆ ಹೋಗಿ, ಕಾಲೇಜಿನ ಥ್ರಿಲ್ಲರ್ ಸಿನಿಮಾದ ಮೊದಲ ದೃಶ್ಯ ತೆಗೆದೆವು. ನಾನು ಕಿರುಚಿದೆ. ಆಮೇಲೆ ಅವನು ಮೂಟೆಯೊಂದನ್ನು ಎಳೆದು ತಂದು ನೀರಿಗೆ ತಳ್ಳಿದ. ಅದರಲ್ಲಿದ್ದದ್ದು ಬರೀ ಹಿಪ್ಪುನೇರಳೆ ಕಡ್ಡಿ. ದೂರದಿಂದ ನೋಡಿದವರು ಯಾರೋ ಕೊಲೆಯೆಂದು ಪೊಲೀಸರಿಗೆ ಹೇಳಿದ್ದಾರೆ.

ಬೆಳಿಗ್ಗೆ ಅವನನ್ನು ಕನಕಪುರಕ್ಕೆ, ಠಾಣೆಗೆ ಕರೆದೊಯ್ದರಂತೆ. ಅವನ ಅಕ್ಕ ಈಗ ಫೋನ್ ಮಾಡಿದ್ದರು. “ಸಿನಿಮಾ ಅಂತೀಯಲ್ಲ, ಆ ಹುಡ್ಗಿ ಎಲ್ಲವ್ಳೆ ಯೋಳ್ಲಾ” ಅಂತ ಪೊಲೀಸರು ಕೇಳುತ್ತಲೇ ಇದ್ದಾರಂತೆ. ಅಪ್ಪನಿಗೆ ಗೊತ್ತಾದರೆ ನನ್ನ ಓದು ನಿಲ್ಲಿಸುತ್ತಾರೆಂದು ಅವನು ನನ್ನ ಹೆಸರು ಬಾಯಿ ಬಿಟ್ಟಿಲ್ಲ.

ನಾನೇ ಹೋಗಿ ಅವರ ಮುಂದೆ ನಿಲ್ಲುತ್ತೇನೆ. ಆ ದೃಶ್ಯವಿರುವ ವಿಡಿಯೋ ಕ್ಯಾಸೆಟ್ ನನ್ನ ಬ್ಯಾಗಿನಲ್ಲೇ ಇದೆ.

ರೇಷ್ಮೆ ಹುಳಕ್ಕೆ ಈಗಿನ ಸೊಪ್ಪು ಹಾಕಿದ್ದೇನೆ, ಮಧ್ಯಾಹ್ನದ್ದಕ್ಕೆ ಸೌಮ್ಯ ಅತ್ತಿಗೆಗೆ ಹೇಳು. ಒಲೆ ಆರಿಸಿದ್ದೇನೆ.

ಅಪ್ಪ ತೋಟದಿಂದ ಬಂದ ಕೂಡಲೇ ನೀನೇ ಎಲ್ಲ ಹೇಳಿಬಿಡು. ಊರವರ ಬಾಯಿಂದ ಕೇಳುವುದು ಬೇಡ. ಬೈಯಲಿ, ದಾರಿಯುದ್ದಕ್ಕೂ ಬೈದುಕೊಂಡೇ ಬರಲಿ, ಆದರೆ ಠಾಣೆಗೆ ಬರಲಿ.

ನನಗೆ ಭಯವಾಗುತ್ತಿದೆ ಅಮ್ಮಾ.

ಲತಾಮಣಿ