ಮೊದಲ ಕಾಮೆಂಟು

ಮಾರ್ಚ್ 9, ಭಾನುವಾರ.

ಧಿಕ್ಕಾರ ನನಗೆ! ನಮ್ಮ ನಾಲ್ವರ ಬ್ಲಾಗುಗಳನ್ನು ನಾವು ನಾಲ್ವರಲ್ಲದೆ ಓದುವವರು ಬೆರಳೆಣಿಕೆ. ಅದಕ್ಕೇ ಯಾರು ಬರೆದರೂ ಗಂಟೆಯೊಳಗೆ ಬೆನ್ನು ತಟ್ಟಬೇಕೆಂಬುದು ನಮ್ಮ ಒಪ್ಪಂದ. ನಮ್ಮಲ್ಲೊಬ್ಬರಾದ, ಬಟ್ಟೆ ಹೊಲಿಯುವ ಟೈಲರಕ್ಕ ಬೆಳಿಗ್ಗೆ ಹಾಕಿದ ಬರಹದ ಮೊದಲ ನಾಲ್ಕು ಸಾಲು ಓದಿ, "ಭಲೇ ಅಕ್ಕಾ! ಮುಂದಿನ ಬರಹಕ್ಕೆ ಕಾದಿದ್ದೇನೆ!" ಎಂದು ಕಾಮೆಂಟಿನಲ್ಲಿ ಗರ್ಜಿಸಿಬಿಟ್ಟೆ. ಉಳಿದಿಬ್ಬರೂ "ನಾವೂ" ಎಂದು ದನಿಗೂಡಿಸಿದರು. ಬರಹದ ಕೊನೆಯನ್ನು ನಾನು ಓದಿದ್ದು ಮಧ್ಯಾಹ್ನ: ಕಣ್ಣು ಪೂರ್ತಿ ಹೋಗುತ್ತಿದೆ, ಡಾಕ್ಟರು ಕೈಚೆಲ್ಲಿದ್ದಾರೆ, ಇದೇ ನನ್ನ ಕೊನೆಯ ಬರಹ.

ಕೂಡಲೇ ಫೋನು ಮಾಡಿದೆ.

"ಏನಪ್ಪಾ ನಾಟಕದ ರಾಜ, ಪೂರ್ತಿ ಓದ್ಲಿಲ್ಲ ತಾನೇ?" ಅಕ್ಕ ನಕ್ಕರು.

"ತಪ್ಪಾಯ್ತಕ್ಕ. ಇನ್ಮೇಲೆ ನೀವು ಹೇಳಿ, ನಾನು ಬರ್ಕೊಳ್ತೀನಿ."

"ಬರೆಯೋವಾಗ ಒಬ್ಳೇ ಇರ್ಬೇಕು ಕಣೋ. ಮಧ್ಯೆ ಮಧ್ಯೆ ನೀನು 'ಆಹಾ, ಓಹೋ' ಅಂತಿದ್ರೆ ನಂಗೇನು ಹೊಳೆಯುತ್ತೆ?"

ನಾಟಕದಲ್ಲಿ ಮೈಕಿಲ್ಲದೆ ಹಿಂದಿನ ಬೆಂಚಿನವರಿಗೂ ಕೇಳಿಸುವ ಗಂಟಲು ನನ್ನದು. ಅದನ್ನು ತಗ್ಗಿಸಿಕೊಂಡೆ. ಕಾಮೆಂಟನ್ನಾದರೂ ಅಳಿಸುತ್ತೇನೆಂದೆ.

"ಬೇಡ, ಇರ್ಲಿ," ಎಂದರು. "ಮಗಳ ಕೈಲಿ ಎರಡು ಸಲ ಓದಿಸ್ದೆ. ಯಾರೋ ಕಾಯ್ತಿದಾರೆ ಅಂತ ಕೇಳೋಕೆ ಚೆನ್ನಾಗಿದೆ."

ಕಾಯುತ್ತೇನೆ ಅಕ್ಕಾ. ಅದು ಬಿಟ್ಟು ನನ್ನ ಕೈಲಿ ಇನ್ನೇನಾದೀತು?