ಅಂಚಿನಲ್ಲಿ ಕುಂಕುಮ

ಯರಗುಪ್ಪಿ
೨೨-೧೧-೧೯೭೪

ಪೂಜ್ಯ ಅತ್ತಿಯವರಿಗೆ,

ಸೊಸೆ ಇಂದುಮತಿಯ ನಮಸ್ಕಾರ. ಈ ಪತ್ರವನ್ನು ಮಲ್ಲಕ್ಕ ನಿಮಗೆ ನಿಧಾನವಾಗಿ ಓದಿ ಹೇಳಲಿ.

ಎಸ್ಟೋನಿಯಾ ದೇಶ ೧೯೧೮ರಲ್ಲಿ ಸ್ವತಂತ್ರವಾದಾಗ ಅಚ್ಚಾದ ಮೊದಲ ನೋಟುಗಳನ್ನು ನಿಮ್ಮ ಮಗ ಇಪ್ಪತ್ತು ವರ್ಷ ಹುಡುಕಿ ಕೂಡಿಸಿದ್ದರು. ಅವರಿಲ್ಲದ ಈ ಮೊದಲ ದೀಪಾವಳಿಗೆ ನೀವು ಅವನ್ನು ಲಕ್ಷ್ಮೀಪೂಜೆಗೆ ಇಟ್ಟು ಕುಂಕುಮ ಹಚ್ಚಿದಿರಿ. "ಓದಾಕ ಬರದವರು ಅದನ್ನ ಯಾಕ ಮುಟ್ಟಿದ್ರಿ? ಎಲ್ಲಾ ಹಾಳಾತು," ಎಂದೆ. "ನನ್ನ ಮಗಾ ಕೂಡಿಸಿಟ್ಟದ್ದು ನನಗ ಲಕ್ಷ್ಮೀನ ನೋಡವಾ," ಎಂದಷ್ಟೇ ಹೇಳಿ, ಮರುದಿನ ಮಗಳು ಮಲ್ಲಕ್ಕನ ಮನೆಗೆಂದು ಮೊರಬದ ಬಸ್ಸು ಹತ್ತಿದಿರಿ.

ಕಲೆ ತೆಗೆಯಲೆಂದು ನಿನ್ನೆ ಆಲ್ಬಮ್ ಬಿಚ್ಚಿದೆ. ಒಂದು ನೋಟಿನಲ್ಲೂ ಕುಂಕುಮ ಅಕ್ಷರದ ಮೇಲಾಗಲಿ ಚಿತ್ರದ ಮೇಲಾಗಲಿ ಬಿದ್ದಿಲ್ಲ. ಅಂಚಿನ ಖಾಲಿ ಜಾಗದಲ್ಲಿ ಸಾಸಿವೆಯಷ್ಟು ಬೊಟ್ಟು ಇಟ್ಟಿದ್ದೀರಿ. ಅಂಚನ್ನು ಬಿಟ್ಟು ಬೇರೆಲ್ಲೂ ಮುಟ್ಟಬಾರದೆಂದು ಅವರು ನಿಮಗೆ ಕಲಿಸಿರಬೇಕು. ನನಗೆ ಅವರು ಎಂದೂ ಕಲಿಸಲಿಲ್ಲ. ನಾನೂ ಎಂದೂ ಪಕ್ಕದಲ್ಲಿ ಕೂತು ಕೇಳಲಿಲ್ಲ. ಅಂದಿನ ಸಿಟ್ಟು ನಿಜವಾಗಿ ಯಾರ ಮೇಲಿನದೆಂದು ಈಗ ಯೋಚಿಸುತ್ತಿದ್ದೇನೆ.

ಕುಂಕುಮವನ್ನು ಒರೆಸಿಲ್ಲ. ಸೋಮವಾರ ಮನೆಗೆ ಮರಳಿ ಬನ್ನಿರಿ, ಕರೆದುಕೊಳ್ಳಲು ಇಲ್ಲಿಯ ಬಸ್ ಸ್ಟ್ಯಾಂಡಿಗೆ ನಾನೇ ಬರುತ್ತೇನೆ. ಯಾವ ನೋಟನ್ನು ಹಿಡಿದು ಅವರು ನಿಮಗೆ ಏನೇನು ಹೇಳುತ್ತಿದ್ದರೋ ಅದನ್ನು ನನಗೂ ಹೇಳಿರಿ, ನಾನು ಬರೆದುಕೊಳ್ಳುತ್ತೇನೆ.

ನಿಮ್ಮ ದಾರಿ ನೋಡುವ,
ಇಂದುಮತಿ